ಕಡ್ಲಿಹಿಟ್ಟಿನ ಪಥ್ಯ

ಲಿಂಗಸುಗೂರು
14 ಆಗಸ್ಟ್ 2024

ಜ್ಯೋತಿ,

ನಿನ್ನ ಫೋನ್ ಬಂದ್ ಇದೆ. ಅಳಿಯಂದಿರಿಗೆ ಮಾಡಿದರೆ, "ಕೊಡ್ತೀನ್ರೀ ಅತ್ತಿ, ಆದ್ರ ಕಿವಿಗೆ ಹಿಡ್ಕೊಂಡು ಸುಮ್ನ ಕುಂದರ್ತಾಳ, ಮಾತಾಡಂಗಿಲ್ಲ" ಅಂದರು. ಮೊನ್ನೆ ಹಾಗೆಯೇ ಆಯಿತು. ನಾನು ಹಲೋ ಹಲೋ ಅಂದೆ, ನಿಮ್ಮ ಮನೆಯ ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಂಗನವಾಡಿಯಲ್ಲಿ ಮಕ್ಕಳು ಊಟ ಮಾಡಿ ಮಲಗಿದ ಮೇಲೆ ನನಗೆ ಸ್ವಲ್ಪ ಬಿಡುವು.

ಎಂಟನೇ ತಿಂಗಳಿಗೇ ಹೆರಿಗೆಯಾಗಿ ಆಗಬಾರದ್ದು ಆಯಿತು. ಆದರೂ ಹೆತ್ತ ಮೈ ಹೆತ್ತ ಮೈಯೇ. ಅದಕ್ಕೆ ಬಾಣಂತನ ಬೇಕು. ಕಿವಿಗೆ ಹತ್ತಿ ಇಟ್ಟುಕೋ, ತಲೆಗೆ ಸ್ಕಾರ್ಫ್ ಬಿಡಬೇಡ, ತಣ್ಣೀರು ಮುಟ್ಟಬೇಡ. ಮೆತ್ತಗಿನ ಅನ್ನ, ತುಪ್ಪ, ಬೆಳ್ಳುಳ್ಳಿ, ಸಬ್ಬಸಗಿ ಪಲ್ಯ, ಅಳವಿ ಪಾಯಸ ಇಷ್ಟೇ. ಬದನೆಕಾಯಿ, ಆಲೂಗಡ್ಡೆ, ಕಡ್ಲಿಹಿಟ್ಟು ಸನಿಯಕ್ಕೂ ತರಬೇಡ. ನಿಮ್ಮ ಅತ್ತೆ ಗ್ಯಾನಮ್ಮನವರಿಗೆ ನಾನು ಹೇಳಿಕೊಡಬೇಕಾದ್ದೇನಿಲ್ಲ, ಆದರೂ ಬರೆದೆ.

ಇಲ್ಲಿಗೇ ಬಂದಿದ್ದರೆ ಚೆನ್ನಾಗಿತ್ತು. ಒಳಕೋಣೆಯಲ್ಲಿ ಮಂಚ ಹಾಕಿಸಿ, ಕಿಟಕಿಗೆ ಪರದೆ ಕಟ್ಟಿಸಿದ್ದೆ. ನೀನು ಒಲ್ಲೆ ಎಂದು ಗೋಡೆ ಕಡೆ ತಿರುಗಿದಿ. ಮಾತಾಡಿಸಲು ಬಂದ ಹೆಂಗಸರ ಮುಂದೆ ನಾನು "ಇನ್ನಾ ವಯಸ್ಸೈತಿ, ಮುಂದಿನ ವರ್ಷ ಮತ್ತ ಆಗ್ತಾವ" ಎಂದದ್ದು ನಿನ್ನ ಮನಸ್ಸಿಗೆ ಹತ್ತಿರಬೇಕು. ಏನಾದರೂ ಅನ್ನಬೇಕಿತ್ತು, ಅಂದೆ. ಆ ಸಿಟ್ಟು ಬಿಟ್ಟುಬಿಡು.

ಮಳೆ ಚೆನ್ನಾಗಿದೆ. ತೊಗರಿ ಮೊಣಕಾಲಿಗೆ ಬಂದಿದೆ. ಇಲ್ಲಿ ಎಲ್ಲರೂ ಆರಾಮ.

ನಿನ್ನ ಅವ್ವ


ಸಿಂಧನೂರು
26 ಆಗಸ್ಟ್ 2024

ಅವ್ವಾ,

ಕಾಗದ ಮುಟ್ಟಿತು. ಸಿಟ್ಟು ಇಲ್ಲ.

ಎದೆಗೆ ಬಿಗಿದು ಕಟ್ಟಿದ್ದ ಬಟ್ಟೆಯನ್ನು ಅತ್ತಿ ಬಿಚ್ಚಿದರು. ಹಾಲು ನಿಂತಿದೆ. ಆ ಬಟ್ಟೆಯನ್ನು ಒಗೆದು ಒಣಗಿಸಿ ಮಡಿಚಿಟ್ಟಿದ್ದಾರೆ. ಹತ್ತಿ ಇಟ್ಟುಕೊಳ್ಳುತ್ತೇನೆ, ಸ್ಕಾರ್ಫ್ ಕಟ್ಟಿಕೊಳ್ಳುತ್ತೇನೆ. ಅತ್ತಿ ದಿನಾ ಬಿಸಿನೀರು ಎರೆಯುತ್ತಾರೆ, ಆಮೇಲೆ ಕೆಂಡಕ್ಕೆ ಲೋಬಾನ ಹಾಕಿ ಕೂದಲಿಗೆ ಹೊಗೆ ಹಿಡಿಯುತ್ತಾರೆ. ಮಾಡುವುದೆಲ್ಲ ಮಾಡುತ್ತಾರೆ. ಮಧ್ಯೆ ಒಮ್ಮೊಮ್ಮೆ ಕೈ ನಿಲ್ಲಿಸುತ್ತಾರೆ. ಆಗ ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ.

ಕಡ್ಲಿಹಿಟ್ಟಿನ ಖಾರದ ರೊಟ್ಟಿ ಹೇಗೆ ಮಾಡುವುದು ಎಂದು ಬರಿ. ನಾನು ಶಾಲೆಗೆ ಹೋಗುವಾಗ ಡಬ್ಬಿಗೆ ಹಾಕಿ ಕೊಡುತ್ತಿದ್ದೆಯಲ್ಲ, ಅದು. ಎಷ್ಟು ಹಿಟ್ಟು, ಏನೇನು ಹಾಕಬೇಕು, ಎಲ್ಲ ಬರಿ.

ಜ್ಯೋತಿ


ಲಿಂಗಸುಗೂರು
2 ಸೆಪ್ಟೆಂಬರ್ 2024

ಜ್ಯೋತಿ,

ನಿನ್ನ ಕಾಗದ ಓದಿ ನನಗೆ ಜೀವ ಬಂದಂತಾಯಿತು. ನಾಲಿಗೆ ಒಂದು ರುಚಿ ಕೇಳಿತು ಎಂದರೆ ಮೈ ಸುಧಾರಿಸುತ್ತಿದೆ ಎಂದೇ ಅರ್ಥ. ನಿಮ್ಮಣ್ಣ ಸಿದ್ದರಾಮೇಶನಿಗೂ ಓದಿ ಹೇಳಿದೆ. "ಖಾರ ಕೇಳ್ಯಾಳಂದ್ರ ನಮ್ಮ ಜ್ಯೋತಿ ಎದ್ದು ಕುಂತಾಳ ತಗೋ" ಎಂದು ನಕ್ಕ. ಬಹಳ ದಿನದ ಮೇಲೆ ಈ ಮನೆಯಲ್ಲಿ ನಗು ಕೇಳಿದೆ.

ಆದರೆ ಈಗ ಬೇಡ. ಕಡ್ಲಿಹಿಟ್ಟು ವಾಯು. ಹಸಿ ಮೈಗೆ ಆಗದು. ಐದು ತಿಂಗಳು ತುಂಬಲಿ, ನಾನೇ ಬಂದು ನಿನ್ನ ಎದುರಿಗೆ ಕೂತು ತಟ್ಟಿ ಕೊಡುತ್ತೇನೆ. ಬಿಸಿ ಬಿಸಿ ತಿನ್ನುವಿಯಂತೆ. ಅಲ್ಲಿಯವರೆಗೆ ಬಾಯಿ ಕಟ್ಟು.

ಅಂಟಿನುಂಡಿ ಕಟ್ಟಿ ಸಿದ್ದರಾಮೇಶನ ಕೈಯಲ್ಲಿ ಕಳಿಸಿದ್ದೇನೆ. ಅವನಿಗೆ ಸಿಂಧನೂರಿನಲ್ಲಿ ಕೆಲಸವಿತ್ತು. ದಿನಾ ಒಂದು ತಿನ್ನು, ಸೊಂಟಕ್ಕೆ ಶಕ್ತಿ.

ನಿನ್ನ ಅವ್ವ


ಸಿಂಧನೂರು
11 ಸೆಪ್ಟೆಂಬರ್ 2024

ಅವ್ವಾ,

ಉಂಡಿ ಬಂದವು. ಅಣ್ಣ ಇವರ ಕೈಗೆ ರೈಸ್ ಮಿಲ್ಲಿನ ಗೇಟಿನಲ್ಲೇ ಡಬ್ಬಿ ಕೊಟ್ಟು ಹೋದನಂತೆ. ಮಿಲ್ಲಿನಿಂದ ನಮ್ಮ ಮನೆ ಕೂಗಳತೆ. ಅಲ್ಲಿಯವರೆಗೆ ಬಂದವನು ಮನೆಗೆ ಬರಲಿಲ್ಲ.

ಬಾಣಂತಿ ಕಡ್ಲಿಹಿಟ್ಟು ತಿಂದರೆ ಹಾಲಿನಲ್ಲಿ ಇಳಿದು ಕೂಸಿಗೆ ಹೊಟ್ಟೆನೋವು ಬರುತ್ತದೆ ಎಂದು ನೀನೇ ಹೇಳುತ್ತಿದ್ದಿ. ಅಂಗನವಾಡಿಗೆ ಬರುವ ಹೆಂಗಸರಿಗೆಲ್ಲ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಈಗ ನಾನು ತಿಂದರೆ ಯಾರ ಹೊಟ್ಟೆ ನೋಯುತ್ತದೆ, ಅವ್ವಾ? ವ್ಯಂಗ್ಯಕ್ಕೆ ಕೇಳುತ್ತಿಲ್ಲ. ನಿಜವಾಗಿಯೂ ತಿಳಿಯಲಿಲ್ಲ, ಅದಕ್ಕೆ ಕೇಳಿದೆ.

ನೀನು ಬರೆಯಲಿಲ್ಲವೆಂದು ನನಗೆ ತಿಳಿದಂತೆ ಮಾಡಿದೆ. ಅತ್ತಿ ಸಂತೆಗೆ ಹೋಗಿದ್ದರು. ಕಡ್ಲಿಹಿಟ್ಟು, ಖಾರಪುಡಿ, ಜೀರಿಗೆ, ನೀರು. ಹಂಚಿನ ಮೇಲೆ ಹಾಕಿದ ಕೂಡಲೇ ಬಿರಿಯಿತು. ತಿರುವಲು ಹೋದರೆ ನಾಲ್ಕು ಚೂರಾಯಿತು. ಒಂದೊಂದು ಚೂರನ್ನು ಬೇಯಿಸಿ ನಿಂತಲ್ಲೇ ತಿಂದೆ. ಖಾರಪುಡಿ ಎರಡು ಚಮಚ ಹಾಕಿದ್ದೆ. ಬಾಯಿಗೆ ಏನೂ ಗೊತ್ತಾಗಲಿಲ್ಲ. ಮಣ್ಣಿನ ಹೆಂಟೆ ಅಗಿದಂತೆ ಇತ್ತು. ಕಣ್ಣಲ್ಲಿ ನೀರು ಬಂತು, ಅದು ಖಾರಕ್ಕೆ. ಬಾಯಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಯಿತು.

ಅತ್ತಿ ಬಂದವರು ಅಡುಗೆಮನೆಯ ವಾಸನೆಗೇ ನಿಂತರು. "ಯವ್ವಾ, ಏನ್ ಮಾಡಿದಿ?" ಎಂದರು. ಹಂಚಿನ ಮೇಲೆ ಕರಕು ಇತ್ತು. ಬೈಯಲಿಲ್ಲ. ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋಗಿ ತಿಕ್ಕುತ್ತಾ ಕೂತರು. ಬೆಳ್ಳಗಾದ ಮೇಲೂ ತಿಕ್ಕುತ್ತಿದ್ದರು.

ಶಾಲೆಯಿಂದ ಹೆಡ್‌ಮಿಸ್ ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಇವರನ್ನು ಕೇಳಿದರಂತೆ. ಹೆರಿಗೆ ರಜೆ ಎನ್ನಬೇಕೋ ಏನೆನ್ನಬೇಕೋ ಅವರಿಗೂ ತಿಳಿದಿಲ್ಲ. ದಸರಾ ರಜೆ ಮುಗಿದ ಮೇಲೆ ಹೋಗುತ್ತೇನೆ.

ಜ್ಯೋತಿ


ಲಿಂಗಸುಗೂರು
7 ಅಕ್ಟೋಬರ್ 2024

ಜ್ಯೋತಿ,

ಉತ್ತರ ಬರೆಯಲು ತಡವಾಯಿತು. ಎರಡು ಸಲ ಬರೆದು ಹರಿದೆ.

ಇಷ್ಟು ವರ್ಷ ಬಾಣಂತಿಯರಿಗೆ ಅದು ತಿನ್ನಬೇಡಿ ಇದು ತಿನ್ನಬೇಡಿ ಎನ್ನುತ್ತಾ ಬಂದೆ. ನಿನ್ನಂಥವಳಿಗೆ ಏನು ಹೇಳಬೇಕೆಂದು ನನಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ನಮ್ಮವ್ವನೂ ಹೇಳಿಕೊಟ್ಟಿರಲಿಲ್ಲ. ಹೋದ ವಾರ ಕೂಸುಗಳ ತೂಕ ಮಾಡುವ ದಿನ ಒಬ್ಬಾಕೆ ಮಗುವನ್ನು ತೂಕದ ಜೋಳಿಗೆಗೆ ಹಾಕುತ್ತಾ, "ಮೇಡಮ್ಮಾರ, ನಿಮ್ಮ ಮಗಳದು ಹೆರಿಗಿ ಆತೇನ್ರೀ?" ಎಂದಳು. "ಆತವ್ವ" ಎಂದೆ. "ಏನ್ ಕೂಸ್ರೀ?" ಎಂದಳು. "ಹೆಣ್ಣು" ಎಂದೆ. ಸುಳ್ಳೇನೂ ಹೇಳಲಿಲ್ಲ. ಆದರೆ ಮುಳ್ಳು ಎಲ್ಲಿ ನಿಂತಿತೆಂದು ಕಾಣಲಿಲ್ಲ, ಆ ಕೂಸಿನ ತೂಕ ಎರಡನೇ ಸಲ ಮಾಡಬೇಕಾಯಿತು.

ರೊಟ್ಟಿ ಹೀಗೆ ಮಾಡು. ಬರೀ ಕಡ್ಲಿಹಿಟ್ಟು ಹಾಕಿದರೆ ಬಿರಿಯುತ್ತದೆ, ಅದಕ್ಕೆ ಜೊತೆ ಬೇಕು. ಎರಡು ಬಟ್ಟಲು ಕಡ್ಲಿಹಿಟ್ಟಿಗೆ ಒಂದು ಬಟ್ಟಲು ಗೋಧಿಹಿಟ್ಟು ಹಾಕು, ಒಂದು ಹಿಡಿ ಜೋಳದ ಹಿಟ್ಟೂ ಇರಲಿ. ಉಳ್ಳಾಗಡ್ಡಿಯನ್ನು ಆದಷ್ಟು ಸಣ್ಣಗೆ ಹೆಚ್ಚು. ದೊಡ್ಡ ಚೂರು ಇದ್ದರೆ ತಟ್ಟುವಾಗ ಹರಿಯುತ್ತದೆ. ಮೆಂತ್ಯೆ ಸೊಪ್ಪು, ಕೊತ್ತಂಬರಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕೂಡಿಸಿ ಕಲ್ಲಿನಲ್ಲಿ ಜಜ್ಜು, ಮಿಕ್ಸಿಗೆ ಹಾಕಬೇಡ. ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕು, ವಾಯು ಮುರಿಯುತ್ತದೆ. ಅರಿಷಿಣ, ಬಿಳಿ ಎಳ್ಳು, ಕಾಯಿಸಿದ ಎಣ್ಣೆ ಎರಡು ಚಮಚ. ಮೊದಲು ನೀರಿಲ್ಲದೆ ಎಲ್ಲ ಕಲಸು, ಉಳ್ಳಾಗಡ್ಡಿಯೇ ನೀರು ಬಿಡುತ್ತದೆ. ಆಮೇಲೆ ಬೇಕಾದಷ್ಟು ಬಿಸಿನೀರು ಚಿಮುಕಿಸು. ಕಲಸಿ ಬಹಳ ಹೊತ್ತು ಇಡಬೇಡ, ಅಂಟಾಗುತ್ತದೆ. ಒದ್ದೆ ಬಟ್ಟೆಯ ಮೇಲೆ ತಟ್ಟು. ನಡುವೆ ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಡು. ಉರಿ ಸಣ್ಣಗಿರಲಿ. ಕಡ್ಲಿಹಿಟ್ಟು ಹೊರಗೆ ಬೇಗ ಕೆಂಪಾಗುತ್ತದೆ, ಒಳಗೆ ಹಸಿ ಉಳಿದಿರುತ್ತದೆ. ಅವಸರ ಮಾಡಬೇಡ.

ನಿಮ್ಮ ಅತ್ತೆಗೆ ನಾನೇ ಹೇಳಿದ್ದೇನೆಂದು ಹೇಳು. ಅವರು ಬೇಜಾರು ಮಾಡಿಕೊಳ್ಳುವುದು ಬೇಡ.

ಸಿದ್ದರಾಮೇಶ ಈಚೆಗೆ ಕೆಲಸದ ಮೇಲೆ ಮಸ್ಕಿಗೆ ಓಡಾಡುತ್ತಾನೆ. ಮತ್ತೇನಿಲ್ಲ.

ನಿನ್ನ ಅವ್ವ


ಸಿಂಧನೂರು
21 ಅಕ್ಟೋಬರ್ 2024

ಅವ್ವಾ,

ನೀನು ಹೇಳಿದಂತೆ ಮಾಡಿದೆ. ಹಿಟ್ಟು ತರಲು ಹಸನ್‌ಸಾಬ್ ಕಾಕಾನ ಕಿರಾಣಿಗೆ ನಾನೇ ಹೋಗಿದ್ದೆ. ಹೆರಿಗೆಯಾದ ಮೇಲೆ ಮೊದಲ ಸಲ ಹೊಸ್ತಿಲು ದಾಟಿದ್ದು ಅವತ್ತೇ.

ಅತ್ತಿ ಪಕ್ಕದಲ್ಲಿ ನಿಂತಿದ್ದರು. ನಾನು ತಟ್ಟುತ್ತಿದ್ದಂತೆ, "ಅಂಚು ದಪ್ಪ ಆಗಾಕತ್ತೈತಿ, ಬೆರಳ ತುದೀಲೆ ಒತ್ತು" ಎಂದರು. ಒತ್ತಿದೆ. ಈ ಸಲ ಬಿರಿಯಲಿಲ್ಲ. ಹಂಚಿನಿಂದ ಇಡಿಯಾಗಿ ಎದ್ದಿತು, ಎಳ್ಳು ಚಿಟಪಟ ಎಂದಿತು. ನೋಡಲು ನೀನು ಮಾಡಿದಂತೆಯೇ ಇತ್ತು.

ಮೊದಲು ಇವರಿಗೆ ಹಾಕಿದೆ. ಇವರು ಒಂದು ತಿಂದರು, ಇನ್ನೊಂದು ಹಾಕು ಎಂದರು. ಎರಡು ತಿಂದು, "ಚಲೋ ಆಗ್ಯಾವ" ಎಂದು ಎದ್ದು ಕೈ ತೊಳೆದರು. ಆಮೇಲೆ ಅತ್ತಿ ಒಂದು ತುಣುಕು ಬಾಯಿಗೆ ಹಾಕಿಕೊಂಡು ನನ್ನ ಮುಖ ನೋಡಿದರು.

"ಜ್ಯೋತಿ, ಉಪ್ಪೇ ಇಲ್ಲಲ್ಲ."

ಇವರು ಬಾಗಿಲಲ್ಲಿ ಟವೆಲ್ ಹಿಡಿದು ನಿಂತಿದ್ದರು. "ಗಂಗಾಧರ, ನಿನಗ ಗೊತ್ತಾಗ್ಲಿಲ್ಲೇನೋ?" ಎಂದು ಅತ್ತಿ ಕೇಳಿದರು. ಇವರು ಟವೆಲ್ಲನ್ನು ಮಡಿಚಿದರು, ಬಿಚ್ಚಿದರು. "ಇಲ್ಲಬೇ ಅವ್ವ, ಗೊತ್ತಾಗ್ಲಿಲ್ಲ" ಎಂದರು. ನನ್ನ ಮನಸ್ಸು ಕಾಯಲು ಹಾಗೆ ಅಂದರೆಂದು ಮೊದಲು ಅನ್ನಿಸಿತು. ಆದರೆ ಮುಖ ನೋಡಿದರೆ ನಿಜವಾಗಿಯೂ ಗೊತ್ತಾದಂತಿರಲಿಲ್ಲ. ಇಷ್ಟು ದಿನ ಈ ಮನೆಯಲ್ಲಿ ನನ್ನೊಬ್ಬಳ ಬಾಯಿಯೇ ಹೀಗಾಗಿದೆ ಎಂದುಕೊಂಡಿದ್ದೆ.

ಉಪ್ಪು ಕಲ್ಲಿನ ಪಕ್ಕದಲ್ಲೇ ಇತ್ತು. ಜಜ್ಜುವಾಗ ಹಾಕಲು ಮರೆತಿದ್ದೆ.

ಶಾಲೆಗೆ ಹೋಗುತ್ತಿದ್ದೇನೆ. ನಾಲ್ಕನೇ ತರಗತಿಗೆ ಕನ್ನಡ, ಪರಿಸರ. ಮಕ್ಕಳು ಚಪ್ಪಾಳೆ ತಟ್ಟಿದರು.

ಅಲ್ಲಿ ಏನು ಸುದ್ದಿ? ಮನೆಯ ಸುದ್ದಿ ಎಲ್ಲ ಬರಿ.

ಜ್ಯೋತಿ


ಲಿಂಗಸುಗೂರು
5 ನವೆಂಬರ್ 2024

ಜ್ಯೋತಿ,

ರೊಟ್ಟಿ ಎದ್ದಿತಲ್ಲ, ಸಂತೋಷ. ಉಪ್ಪು ಎಲ್ಲರಿಗೂ ಮರೆಯುತ್ತದೆ, ಅದಕ್ಕೆ ಅಷ್ಟು ಯೋಚಿಸಬೇಡ.

ದೀಪಾವಳಿಗೆ ನಿಮ್ಮನ್ನು ಕರೆಯಲಿಲ್ಲವೆಂದು ಅಳಿಯಂದಿರು ಏನು ತಿಳಿದುಕೊಂಡರೋ. ಮನೆಗೆ ಬಣ್ಣ ಹಚ್ಚಿಸುತ್ತಿದ್ದೇವೆ. ಸಾಮಾನೆಲ್ಲ ಅಂಗಳಕ್ಕೆ ಬಂದಿದೆ, ಮಲಗಲು ಜಾಗವಿಲ್ಲ. ಬಣ್ಣದ ವಾಸನೆ ನಿನಗೆ ಆಗದು. ಮುಗಿದ ಮೇಲೆ ಹೇಳುತ್ತೇನೆ, ಆಗ ಬನ್ನಿ.

ಹೊಸ ಸುದ್ದಿ ಏನೂ ಇಲ್ಲ. ಹತ್ತಿ ಬಿಡಿಸಲು ಆಳು ಸಿಗುತ್ತಿಲ್ಲವೆಂದು ಎಲ್ಲರೂ ಹೇಳುತ್ತಿದ್ದಾರೆ. ನನ್ನ ಮೊಣಕಾಲು ನೋವು ಹಾಗೇ ಇದೆ.

ನಿನ್ನ ಅವ್ವ


ಸಿಂಧನೂರು
16 ನವೆಂಬರ್ 2024

ಅವ್ವಾ,

ಬಣ್ಣ ಯಾವುದು ಹಚ್ಚಿಸಿದಿರಿ?

ಅಣ್ಣನಿಗೂ ಅನುಪಮಾ ವೈನಿಗೂ ಹೆಣ್ಣು ಹುಟ್ಟಿದ್ದು ನನಗೆ ಗೊತ್ತಿದೆ. ಹಿಟ್ಟು ತರಲು ಹೋದ ದಿನವೇ ಗೊತ್ತಾಯಿತು. ಹಸನ್‌ಸಾಬ್ ಕಾಕಾನ ಮಗಳನ್ನು ಮಸ್ಕಿಗೆ ಕೊಟ್ಟಿದ್ದಾರೆ, ವೈನಿಯ ತವರುಮನೆಯ ಓಣಿಗೇ. "ಟೀಚರ್, ನಿಮ್ಮಣ್ಣಗ ಹೆಣ್ಣಾಗೈತೆಂತ, ಪೇಡೆ ಎಲ್ರೀ?" ಎಂದು ನಗುತ್ತಾ ಕೇಳಿದ. ಕೇಳಿದ ಮೇಲೆ ಅವನಿಗೆ ನೆನಪಾಯಿತು. ತಕ್ಕಡಿಯ ತಟ್ಟೆಯನ್ನು ಸುಮ್ಮನೆ ಒರೆಸತೊಡಗಿದ. ಹಿಟ್ಟು ಕಟ್ಟಿ ಕೊಟ್ಟ, ಮನೆಗೆ ಬಂದೆ, ಉಳ್ಳಾಗಡ್ಡಿ ಹೆಚ್ಚಿದೆ, ನೀನು ಬರೆದಷ್ಟು ಸಣ್ಣಗೆ. ನಡುವೆ ಎಲ್ಲಿಯೂ ಕೈ ನಿಲ್ಲಲಿಲ್ಲ. ಅದೇ ನನಗೆ ಹೆದರಿಕೆ. ಹೊಟ್ಟೆಕಿಚ್ಚಾದರೂ ಬರಬೇಕಿತ್ತು. ಏನೂ ಬರಲಿಲ್ಲ.

ಮನೆಯ ಸುದ್ದಿ ಬರಿ ಎಂದು ಅದಕ್ಕೇ ಕೇಳಿದ್ದೆ. ನಿಮ್ಮ ಮನೆಗೆ ಕೂಸು ಬಂದಿದೆ, ನೀನು ನನಗೆ ಗೋಡೆಯ ಸುದ್ದಿ ಬರೆದಿ.

ಆಗ ಲಿಂಗಸುಗೂರಿಗೆ ಬರಲು ಒಲ್ಲೆ ಎಂದದ್ದು ನಿನ್ನ ಮಾತಿಗಲ್ಲ. ವೈನಿಗೆ ಆಗ ಏಳನೇ ತಿಂಗಳು, ಅದೇ ಮನೆಯಲ್ಲಿದ್ದಳು. ನಾನು ಬಂದಿದ್ದರೆ ಅವಳು ದಿನಾ ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ನನ್ನ ಮುಂದೆ ಓಡಾಡಬೇಕಾಗಿತ್ತು. ಅದು ಬೇಡವೆನ್ನಿಸಿತು.

ಕಡ್ಲಿಹಿಟ್ಟಿನ ರೊಟ್ಟಿ ಯಾಕೆ ಕೇಳಿದೆ ಎಂದರೆ, ನನಗೆ ನಾಲ್ಕನೇ ತಿಂಗಳಲ್ಲಿ ಅದರ ಬಯಕೆ ಆಗಿತ್ತು. ಎದೆ ಉರಿಯುತ್ತದೆಂದು ನೀವೆಲ್ಲ ಬೇಡ ಎಂದಿರಿ. "ಕೂಸು ಆಗಲಿ, ಆಮ್ಯಾಲೆ ತಿನ್ನಾಕಂತಿ" ಎಂದಿ ನೀನು. ತಿನ್ನಲಿಲ್ಲ. ಬೇಡ ಎಂದದ್ದನ್ನು ಒಂದನ್ನೂ ತಿನ್ನಲಿಲ್ಲ, ಅವ್ವಾ. ಪಪ್ಪಾಯ ತಿನ್ನಲಿಲ್ಲ, ಎಡಮಗ್ಗುಲಿಗೇ ಮಲಗಿದೆ, ಗ್ರಹಣದ ದಿನ ಹೊರಗೆ ಬರಲಿಲ್ಲ, ಗುಳಿಗೆ ತಪ್ಪಿಸಲಿಲ್ಲ. ಎಲ್ಲ ಮಾಡಿದೆ. ಮಾಡಿದ್ದಕ್ಕೆ ಏನೂ ಆಗಲಿಲ್ಲವೆಂದ ಮೇಲೆ, ಬಿಟ್ಟದ್ದರ ರುಚಿಯಾದರೂ ನೋಡೋಣ ಎನ್ನಿಸಿತು. ಅಷ್ಟೇ.

ಈಗ ನಾನು ಕೇಳುವುದನ್ನು ಬರಿ. ನನಗೆ ಅವಳನ್ನು ತೋರಿಸಲಿಲ್ಲ. ಎಚ್ಚರವಾಗುವಷ್ಟರಲ್ಲಿ ಇವರು ಗೊರೇಬಾಳದ ಹೊಲಕ್ಕೆ ಒಯ್ದಿದ್ದರು. ಇವರನ್ನು ಕೇಳಿದರೆ ಎದ್ದು ಹೊರಗೆ ಹೋಗುತ್ತಾರೆ. ನೀನು ನೋಡಿದ್ದೀ. ಹೇಗಿದ್ದಳು?

ಜ್ಯೋತಿ


ಲಿಂಗಸುಗೂರು
28 ನವೆಂಬರ್ 2024

ಜ್ಯೋತಿ,

ಬಣ್ಣ ಹಚ್ಚಿಸಿಲ್ಲ. ಸುಳ್ಳು ಬರೆದೆ.

ಎತ್ತಿಕೊಂಡಿದ್ದೆ. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು. ಕೈಗೆ ಬೆಚ್ಚಗೇ ಇತ್ತು, ನಿನ್ನ ಬಿಸಿ ಇನ್ನೂ ಆರಿರಲಿಲ್ಲ. ತಲೆ ತುಂಬ ಕೂದಲಿತ್ತು. ಕಪ್ಪಗೆ, ಹಣೆಯ ಮೇಲೆ ಇಳಿದಿತ್ತು. ಕಿವಿಗಳು ನಿನ್ನವೇ, ಮೇಲೆ ಸ್ವಲ್ಪ ಮಡಿಚಿದಂತೆ. ಮೂಗು ಅಳಿಯಂದಿರದು. ಬೆರಳು ಉದ್ದ. ಎಡಗೈ ಮುಷ್ಟಿ ಕಟ್ಟಿತ್ತು, ಬಲಗೈ ಬಿಚ್ಚಿತ್ತು. ಎಲ್ಲೂ ಏನೂ ಊನವಿರಲಿಲ್ಲ. ನಿದ್ದೆ ಹೋದಂತಿದ್ದಳು ಎಂದು ಬರೆಯಲಾರೆ. ನನ್ನ ಕಣ್ಣೆದುರು ದಿನಾ ಇಪ್ಪತ್ತು ಮಕ್ಕಳು ನಿದ್ದೆ ಹೋಗುತ್ತವೆ, ಅದು ಬೇರೆ. ಆದರೆ ಚೆಂದವಿದ್ದಳು. "ಒಯ್ಯೋದೈತಿ, ಕೊಡ್ರೀ" ಎಂದು ಅಳಿಯಂದಿರ ಕಾಕಾ ಎರಡು ಸಲ ಕೇಳಿದರು. ನಾನು ಕೊಡಲಿಲ್ಲ. ಅಂಗನವಾಡಿಗೆ ಬರುವ ಎಲ್ಲ ಮಕ್ಕಳನ್ನು ಎತ್ತಿದ್ದೇನೆ, ನನ್ನ ಮೊಮ್ಮಗಳನ್ನು ಒಂದಿಷ್ಟು ಹೊತ್ತು ಎತ್ತಿಕೊಳ್ಳುವುದು ಬೇಡವೇ. ಮೂರನೇ ಸಲ ಅಳಿಯಂದಿರೇ ಬಂದು ಕೈ ಚಾಚಿದರು. ಆಗ ಕೊಟ್ಟೆ.

ಇದನ್ನು ನಿನಗೆ ಹೇಳಿದರೆ ನೀನು ತಡೆಯಲಾರೆ ಎಂದುಕೊಂಡಿದ್ದೆ. ತಡೆಯಲಾರದವಳು ನಾನು.

ಅನುಪಮಾಳ ವಿಷಯ. ಹೆರಿಗೆಯಾಗಿ ಇಂದಿಗೆ ಎರಡು ತಿಂಗಳು. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬೇಕಲ್ಲ, ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು. ಅದು ನೀನು. ನಿನ್ನನ್ನು ಕರೆಯುವ ಧೈರ್ಯ ನಮಗೆ ಆಗಲಿಲ್ಲ. ಸಿದ್ದರಾಮೇಶನಿಗೆ ವರಸೆಯಲ್ಲಿ ತಂಗಿಯಾಗುವ ಅಮರೇಶ್ವರಿಯನ್ನು ಕರೆಸಿದ್ದೆವು. ಹೋಳಿಗೆ ಮಾಡಿ, ಮಂದಿ ಕೂಡಿ, ತೊಟ್ಟಿಲಿಗೆ ಹೂವು ಕಟ್ಟಿ ಎಲ್ಲ ಆಗಿತ್ತು. ಅನುಪಮಾ ಕೂಸನ್ನು ಅಮರೇಶ್ವರಿಗೆ ಕೊಡಲಿಲ್ಲ. "ನನ್ನ ನಾದಿನಿ ಜೀವಂತ ಅದಾಳ. ಆಕಿ ಬರೋತನಕ ಹೆಸರಿಡಾಂಗಿಲ್ಲ" ಎಂದು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಮಂದಿ ಹೋಳಿಗೆ ಉಂಡು ಹೋದರು. ಇಂದಿನವರೆಗೆ ಆ ಕೂಸಿಗೆ ಹೆಸರಿಲ್ಲ. ಎಲ್ಲರೂ ಕೂಸು ಎಂದೇ ಕರೆಯುತ್ತಾರೆ.

ನಾನು ಬಾ ಎನ್ನುವುದಿಲ್ಲ. ಬರಬೇಡ ಎಂದೂ ಅನ್ನುವುದಿಲ್ಲ.

ನಿನ್ನ ಅವ್ವ


ಸಿಂಧನೂರು
17 ಡಿಸೆಂಬರ್ 2024

ಅವ್ವಾ,

ಮೊನ್ನೆ ನೀನು ನನ್ನನ್ನು ಮಸ್ಕಿಯಲ್ಲಿ ನೋಡಿದ್ದೀ. ಆದರೂ ಬರೆಯುತ್ತಿದ್ದೇನೆ. ಅಲ್ಲಿ ಮಾತಾಡಲು ಆಗಲಿಲ್ಲ.

ನಿನ್ನ ಕಾಗದವನ್ನು ಇವರ ಕೈಗೆ ಕೊಟ್ಟೆ. ಓದಿ, "ಎಡಗೈ ಮುಷ್ಟಿ ಇತ್ತು, ಖರೆ" ಎಂದರು. ಇಷ್ಟು ದಿನದಲ್ಲಿ ಅವಳ ಬಗ್ಗೆ ಅವರು ಆಡಿದ ಮೊದಲ ಮಾತು.

ಮಸ್ಕಿಗೆ ಬರುತ್ತೇವೆಂದು ಇವರಿಂದ ನಿಮಗೆಲ್ಲ ಹೇಳಿ ಕಳಿಸಿದೆ. ಮೊನ್ನೆ ಬೆಳಿಗ್ಗೆ ಎದ್ದು ರೊಟ್ಟಿ ಮಾಡಿದೆ. ಉಪ್ಪು ಹಾಕಿದೆ, ಅತ್ತಿ ನೋಡಿ ಹೌದೆಂದರು. ಬೈಕಿನಲ್ಲಿ ಮೊದಲು ಗೊರೇಬಾಳಕ್ಕೆ ಹೋದೆವು, ನಾನೇ ಕೇಳಿದ್ದು. ನೆಲ್ಲು ಕೊಯ್ದಿದ್ದರು. ಗದ್ದೆಯಲ್ಲಿ ಮಿಷನ್ ಓಡಾಡಿದ ಗೆರೆಗಳು ಮಾತ್ರ ಇದ್ದವು. ಬದುವಿನ ಮೇಲೆ ಬೇವಿನ ಗಿಡದ ಬುಡ ತೋರಿಸಿ ಇವರು, "ಇಲ್ಲೇ" ಎಂದರು. ಕಲ್ಲು ಇಟ್ಟಿದ್ದರು. ನಿಂತು ನೋಡಿದೆ. ಇವರು ಬೈಕಿನ ಹತ್ತಿರ ಹೋಗಿ ನನಗಾಗಿ ಕಾದರು. ಅವಸರ ಮಾಡಲಿಲ್ಲ.

ಮಸ್ಕಿಯಲ್ಲಿ ನಾವು ಬಾಗಿಲಿಗೆ ಬಂದಾಗ ನೀವೆಲ್ಲ ಎದ್ದು ನಿಂತಿರಿ, ಯಾರೋ ಸಾಹೇಬರು ಬಂದಂತೆ. ಅಣ್ಣ ನೀರು ತಂದುಕೊಟ್ಟು ಹಿತ್ತಲಿಗೆ ಹೋದ. ವೈನಿ ಒಳಕೋಣೆಯಲ್ಲಿದ್ದಳು. ನೀವು ಯಾರೂ ಒಳಗೆ ಬರಲಿಲ್ಲವಾದ್ದರಿಂದ ಅಲ್ಲಿ ನಡೆದದ್ದು ನಿನಗೆ ಗೊತ್ತಿಲ್ಲ. ವೈನಿ ಅಳಲಿಲ್ಲ. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿ, "ಏನ್ ತಂದಿ?" ಎಂದಳು. ಹೇಳಿದೆ. ಮುಚ್ಚಳ ತೆಗೆದು ಮೂಸಿ ನೋಡಿ, "ಸಪ್ಪಂದು ತಿಂದು ತಿಂದು ನಾಲಿಗಿ ಸತ್ತೈತಿ ಜ್ಯೋತಿ, ಒಂದೇ ಒಂದು ಚೂರು ತಿಂತೀನಿ" ಎಂದು ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ. "ತಿನ್ನಬ್ಯಾಡ ವೈನಿ, ಕೂಸಿನ ಹೊಟ್ಟಿ ನೋಯ್ತೈತಿ" ಎಂದೆ.

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯಲಿಲ್ಲ. ನನಗೇ ಕೇಳಿಸಿತು. ವೈನಿ ಡಬ್ಬಿ ಮುಚ್ಚಿ, ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು. ಕೂದಲು ಕಡಿಮೆ ಇದೆ ಇವಳಿಗೆ. ಕಿವಿ ಬೇರೆ. ಎಲ್ಲವನ್ನೂ ನೋಡಿದೆ, ನೀನು ಬರೆದ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಂತೆ. ಇವಳು ಬೇರೆಯೇ. ಅದು ಗೊತ್ತಾದ ಮೇಲೆ ಎತ್ತಿಕೊಳ್ಳುವುದು ಕಷ್ಟವಾಗಲಿಲ್ಲ.

ಹೊರಗಿನದು ನೀನು ಕಂಡದ್ದೇ. ಆದರೆ ನನಗೆ ಏನಾಯಿತೆಂದು ಬರೆಯುತ್ತೇನೆ. ನಾನು ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದೆ. ಸೋದರತ್ತೆ ಹೆಸರು ಹೇಳುವಾಗ ಹೆಂಗಸರು ಬೆನ್ನಿಗೆ ಗುದ್ದಬೇಕಲ್ಲ. ಅಣ್ಣನ ಮದುವೆಯಾದ ದಿನದಿಂದ ಆ ಗುದ್ದಿಗೆ ಕಾಯುತ್ತಿದ್ದೇನೆಂದು ನಗುತ್ತಿದ್ದೆ. ಯಾರೂ ಗುದ್ದಲಿಲ್ಲ. ಇಷ್ಟು ಮಂದಿ ಸುತ್ತ ನಿಂತಿದ್ದಿರಿ, ಒಬ್ಬರ ಕೈಯೂ ಏಳಲಿಲ್ಲ. ಬಳೆಯ ಸದ್ದೂ ಇಲ್ಲ. ನನಗೆ ಹೆಸರು ಬಾಯಿಗೆ ಬರಲಿಲ್ಲ. ತಲೆ ಎತ್ತಿ, "ಯಾಕ ನಿಂತೀರಿ? ಗುದ್ರಿ" ಎಂದೆ. ಆಗಲೂ ನೀವು ಒಬ್ಬರ ಮುಖ ಒಬ್ಬರು ನೋಡಿದಿರಿ. ಕಡೆಗೆ ಪಕ್ಕದ ಮನೆಯ ಖಾತೂನ್‌ಬೀ ಖಾಲಾ, "ಸರೀರಿ ಅತ್ಲಾಗ" ಎಂದು ನಡುವೆ ದಾರಿ ಮಾಡಿಕೊಂಡು ಬಂದು ಒಂದು ಗುದ್ದಿದಳು. ಎಂಥ ಗುದ್ದು ಅವ್ವಾ! ಉಸಿರು ನಿಂತಿತು. ಆಮೇಲೆ ನೀನು ಗುದ್ದಿದಿ. ಅಮರೇಶ್ವರಿ, ವೈನಿಯ ಅವ್ವ, ಎಲ್ಲರೂ. ನಿನ್ನ ಕೈ ನನಗೆ ಗುರುತು ಸಿಕ್ಕಿತು. ನಡುನಡುವೆ ಗುದ್ದುವುದು ಬಿಟ್ಟು ಬೆನ್ನು ಸವರುತ್ತಿದ್ದಿ.

ಹೆಸರು ಹೇಳಿದೆ. ಸಿಂಚನಾ. ವೈನಿ ಆರಿಸಿದ್ದ ಹೆಸರು ಅದು, ಚೆನ್ನಾಗಿದೆ.

ರಾತ್ರಿ ಬೆನ್ನು ಉರಿಯುತ್ತಿತ್ತು. ಅತ್ತಿ ಎಣ್ಣೆ ಹಚ್ಚಿದರು. ಆಗ ಅತ್ತುಬಿಟ್ಟೆ, ಅವ್ವಾ. ಜೋರಾಗಿಯೇ ಅತ್ತೆ. ಅತ್ತಿ ಹಚ್ಚುವುದನ್ನು ನಿಲ್ಲಿಸಲಿಲ್ಲ.

ಒಂದು ವಿಷಯ. ತೊಟ್ಟಿಲ ಮುಂದೆ ವೈನಿ ನನ್ನ ಕಿವಿಯಲ್ಲಿ, "ನೀ ನಿನ್ನ ಕೂಸಿಗೆ ಅಂತ ಇಟ್ಕೊಂಡಿದ್ದ ಹೆಸರು ಇದ್ರ ಅದನ್ನ ಇಡು, ನಮಗ ಖುಷಿ" ಎಂದಿದ್ದಳು. ಇತ್ತು. ಇವರಿಗೂ ಹೇಳಿರಲಿಲ್ಲ, ಹುಟ್ಟಿದ ಮೇಲೆ ಹೇಳೋಣ ಎಂದು ಇಟ್ಟುಕೊಂಡಿದ್ದೆ. ಬೇಡ ವೈನಿ ಎಂದೆ. ಅದು ಅವಳದು, ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ. ಗೊರೇಬಾಳದಲ್ಲಿ ಆ ಬೇವಿನ ಬುಡದಲ್ಲಿ ನಿಂತಾಗ ಒಮ್ಮೆ ಹೇಳಿ ಬಂದಿದ್ದೇನೆ. ನನ್ನನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿ ಎಂದು ನಿನಗೆ ಬರೆಯುತ್ತಿದ್ದೇನೆ. ನೀನು ಅವಳನ್ನು ಎತ್ತಿಕೊಂಡವಳು.

ಇಂಪನಾ.

ಇದಕ್ಕೆ ಉತ್ತರ ಬರೆಯಬೇಡ. ಫೋನ್ ಆನ್ ಮಾಡಿದ್ದೇನೆ.

ಜ್ಯೋತಿ